ಕಂಪ್ಯೂಟರ್ ಮೆಮೊರಿಯ ಆಯ್ಕೆ: ವೇಗ ಮತ್ತು ವಿಳಂಬ (ಮೂರು ಅವಧಿಗಳ ಒಂದು ಅಭ್ಯಾಸ ಪಾಠದ ಅನುಭವ)

ಹಿನ್ನೆಲೆ

ನನ್ನ ಊರು ಕಡ್ಡಿರಾಂಪುರ. ಹೊಸಪೇಟೆಯಿಂದ ಹಂಪಿಗೆ ಹೋಗುವ ಬಸ್ಸು ಅನಂತಶಯನಗುಡಿ ದಾಟಿ ನಮ್ಮೂರ ಮೇಲೆಯೇ ಹೋಗುತ್ತದೆ. ಬಿ.ಇಡಿ. ಎರಡನೆಯ ವರ್ಷದ ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಊರಿಗೆ ಹತ್ತಿರದ ಒಂದು ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಪದವಿಯಲ್ಲಿ ಕಂಪ್ಯೂಟರ್ ವಿಜ್ಞಾನವೂ ಇದ್ದುದರಿಂದ ಶಾಲೆಯ ಕಂಪ್ಯೂಟರ್ ಕೊಠಡಿಯ ಬೀಗದ ಕೈ ಮೊದಲ ವಾರದಲ್ಲೇ ನನ್ನ ಕೈಗೆ ಬಂತು.

ಕೊಠಡಿಯಲ್ಲಿ ಹತ್ತು ಯಂತ್ರಗಳಿದ್ದವು. ಪ್ರತಿಯೊಂದರಲ್ಲೂ 4 ಜಿಬಿ ಮೆಮೊರಿ. ಬ್ರೌಸರ್ ತೆರೆದು ಅದರ ಜೊತೆಗೆ ಜಿಯೋಜೀಬ್ರಾ ತೆರೆದರೆ ಸಾಕು, ಯಂತ್ರ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ನಲವತ್ತು ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ ಕಾಯುವುದರಲ್ಲೇ ಹೋಗುತ್ತಿತ್ತು. ಒಂದೊಂದು ಯಂತ್ರಕ್ಕೆ ಮೂವರು ನಾಲ್ವರು ಮಕ್ಕಳು. ಕಾದು ಕಾದು ಕೊನೆಗೆ ಮೌಸ್ ಹಿಡಿಯುವ ಸರದಿ ಬರದೆ ಎದ್ದು ಹೋಗುವವರು ಯಾವಾಗಲೂ ಅದೇ ಹಿಂದೆ ನಿಂತ ಮಕ್ಕಳು.

ಈ ನಡುವೆ ಹಳೆಯ ವಿದ್ಯಾರ್ಥಿಗಳು ಸೇರಿ ಒಂದಿಷ್ಟು ಹಣ ಕೊಟ್ಟರು. ಮುಖ್ಯ ಗುರುಗಳು ಹೊಸಪೇಟೆಯ ಅಂಗಡಿಯೊಂದರಿಂದ ಎರಡು ಕೊಟೇಶನ್ ತರಿಸಿ ನನ್ನ ಮುಂದಿಟ್ಟು, "ಯಾವುದು ತರೋಣ, ನೀನೇ ಹೇಳಮ್ಮ" ಎಂದರು. ಒಂದೇ ಮೊತ್ತಕ್ಕೆ ಎರಡು ಆಯ್ಕೆಗಳಿದ್ದವು:

ಅ) ಲೋಹದ ಹೊದಿಕೆ ಇರುವ 8 ಜಿಬಿಯ ಡಿಡಿಆರ್4-3200, ಸಿಎಲ್16 ರ‍್ಯಾಮ್: ಆರು.
ಆ) ಹೊದಿಕೆ ಇಲ್ಲದ 4 ಜಿಬಿಯ ಡಿಡಿಆರ್4-2400, ಸಿಎಲ್17 ರ‍್ಯಾಮ್: ಹತ್ತು.

ನಾನು ಎರಡು ಸಲ ಯೋಚಿಸಲಿಲ್ಲ. 3200 ಎಂಬುದು 2400ಕ್ಕಿಂತ ದೊಡ್ಡದು, 16 ಎಂಬುದು 17ಕ್ಕಿಂತ ಚಿಕ್ಕದು. ಹಾಗಾಗಿ ಮೊದಲನೆಯದೇ ಸರಿ ಎಂದೆ. ಮಾರನೆಯ ದಿನ ಇದನ್ನೇ ಒಂಬತ್ತನೆಯ ತರಗತಿಗೆ ಪಾಠವಾಗಿಯೂ ಮಾಡಿದೆ. ಆ ಪಾಠ ಹೇಗೆ ತಪ್ಪಿತು, ಅದನ್ನು ತಿದ್ದಿಕೊಂಡದ್ದು ಹೇಗೆ, ಅಂಗಡಿಗೆ ಕೊನೆಗೆ ಹೋದ ಪಟ್ಟಿ ಯಾವುದು ಎಂಬುದೇ ಈ ಬರಹ.

ಪಾಠದ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಮೆಮೊರಿಯ ರವಾನೆ ವೇಗ ಮತ್ತು ವಿಳಂಬ, ಅಂದರೆ ಲೇಟೆನ್ಸಿ, ಇವು ಬೇರೆ ಬೇರೆ ಎಂದು ಉದಾಹರಣೆಯೊಂದಿಗೆ ವಿವರಿಸುವರು.
2. ರ‍್ಯಾಮ್ ಮೇಲಿನ ಚೀಟಿಯನ್ನು ಓದಿ ವಿಳಂಬವನ್ನು ನ್ಯಾನೋಸೆಕೆಂಡಿನಲ್ಲಿ ಲೆಕ್ಕ ಹಾಕುವರು.
3. ಕೊಟ್ಟ ಯಂತ್ರಕ್ಕೆ, ಕೊಟ್ಟ ಹಣದಲ್ಲಿ, ಯಾವ ಮೆಮೊರಿ ಸೂಕ್ತ ಎಂದು ಕಾರಣ ಸಹಿತ ನಿರ್ಧರಿಸುವರು.

ಪೂರ್ವಜ್ಞಾನ: ನೇರ ಮತ್ತು ವಿಲೋಮ ಅನುಪಾತ, ದಶಮಾಂಶ ಗುಣಾಕಾರ, ಕಂಪ್ಯೂಟರಿನ ಮುಖ್ಯ ಭಾಗಗಳು.

ಬೋಧನೋಪಕರಣಗಳು: ಮೂಲೆಗೆ ಸರಿಸಿದ್ದ ಹಳೆಯ ಯಂತ್ರದ ಒಂದು ಡಿಡಿಆರ್3 ರ‍್ಯಾಮ್, ಈಗಿನ ಯಂತ್ರದ ಒಂದು ಡಿಡಿಆರ್4 ರ‍್ಯಾಮ್, ಡಸ್ಟರ್, ಒಂದು ಬಟ್ಟಲು ಹುಣಸೆ ಬೀಜ.

ಮೊದಲ ಅವಧಿ: ಎಲ್ಲಿ ತಪ್ಪಿದೆ

ಎರಡೂ ರ‍್ಯಾಮ್‌ಗಳನ್ನು ಮಕ್ಕಳ ಕೈಗೆ ಕೊಟ್ಟು ಪಾಠ ಆರಂಭಿಸಿದೆ. ಇದು ಚೆನ್ನಾಗಿಯೇ ಆಯಿತು. ಕೆಳಗಿನ ಅಂಚಿನ ಸೀಳು ಎರಡರಲ್ಲೂ ಬೇರೆ ಬೇರೆ ಕಡೆ ಇದೆ, ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಎಂದು ನಾನು ಹೇಳುವ ಮೊದಲೇ ಮಕ್ಕಳು ಕಂಡುಕೊಂಡರು. ಡಿಡಿಆರ್3ಕ್ಕೆ 240 ಪಿನ್ನು, ಡಿಡಿಆರ್4ಕ್ಕೆ 288 ಪಿನ್ನು ಎಂದು ಕಪ್ಪುಹಲಗೆಯಲ್ಲಿ ಬರೆದೆ.

ಆಮೇಲೆ ಎರಡು ವಾಕ್ಯ ಬರೆಸಿದೆ. "ವೇಗದ ಸಂಖ್ಯೆ ದೊಡ್ಡದಿದ್ದಷ್ಟೂ ಮೆಮೊರಿ ಒಳ್ಳೆಯದು. ಸಿಎಲ್ ಸಂಖ್ಯೆ ಚಿಕ್ಕದಿದ್ದಷ್ಟೂ ಮೆಮೊರಿ ಒಳ್ಳೆಯದು." ಹಳೆಯ ಡಿಡಿಆರ್3-1600ಕ್ಕೆ ಸಿಎಲ್11, ಡಿಡಿಆರ್4-3200ಕ್ಕೆ ಸಾಮಾನ್ಯವಾಗಿ ಸಿಎಲ್22 ಎಂದು ಉದಾಹರಣೆಯನ್ನೂ ಕೊಟ್ಟೆ.

ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಹನ್ನೊಂದು ಚಿಕ್ಕದು. ಹಂಗಾದ್ರೆ ಹಳೇದೇ ಫಾಸ್ಟ್ ಏನ್ರಿ?"

ತರಗತಿ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ. "ಅದನ್ನ ಆಮೇಲೆ ನೋಡೋಣ" ಎಂದು ಕೂರಿಸಿ ಅಭ್ಯಾಸ ಪತ್ರಿಕೆ ಹಂಚಿದೆ. ಅದರ ಮೂರನೆಯ ಪ್ರಶ್ನೆ: ಡಿಡಿಆರ್3-1600 ಸಿಎಲ್11 ಮತ್ತು ಡಿಡಿಆರ್4-3200 ಸಿಎಲ್22, ಇವುಗಳಲ್ಲಿ ಯಾವುದರಲ್ಲಿ ಕಾಯುವಿಕೆ ಕಡಿಮೆ? ನನ್ನ ಉತ್ತರ ಸೂಚಿಯಲ್ಲಿ "ಡಿಡಿಆರ್3" ಎಂದಿತ್ತು. ಆ ಹುಡುಗಿ "ಎರಡೂ ಒಂದೇ" ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದೆ.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ವಿದ್ಯಾರ್ಥಿನಿಯ ಪ್ರಶ್ನೆಯೇ ಈ ಪಾಠದ ತಿರುಳು, ಅದನ್ನು ಮುಂದೂಡಲಾಗಿದೆ."

ಆ ರಾತ್ರಿ ಲೆಕ್ಕ ಮಾಡಿದೆ. ಸಿಎಲ್ ಎಂಬುದು ಕಾಲವಲ್ಲ, ಎಣಿಕೆ. ಪ್ರೊಸೆಸರ್ "ಈ ಜಾಗದಲ್ಲಿರುವ ಮಾಹಿತಿ ಕೊಡು" ಎಂದು ಕೇಳಿದ ಮೇಲೆ ಮೊದಲ ಮಾಹಿತಿ ಹೊರಬೀಳಲು ಗಡಿಯಾರದ ಎಷ್ಟು ಬಡಿತ ಕಾಯಬೇಕು ಎಂಬ ಎಣಿಕೆ. ಒಂದೊಂದು ಬಡಿತ ಎಷ್ಟು ಉದ್ದ ಎಂಬುದು ಗೊತ್ತಿಲ್ಲದೆ ಹನ್ನೊಂದನ್ನೂ ಇಪ್ಪತ್ತೆರಡನ್ನೂ ಹೋಲಿಸುವುದು, ಹನ್ನೊಂದು ಸೇರು ಮತ್ತು ಇಪ್ಪತ್ತೆರಡು ಪಾವುಗಳಲ್ಲಿ ಯಾವುದು ಹೆಚ್ಚು ಎಂದು ಬರೀ ಅಂಕಿ ನೋಡಿ ಹೇಳಿದಂತೆ.

ಡಿಡಿಆರ್ ಮೆಮೊರಿ ಗಡಿಯಾರದ ಪ್ರತಿ ಬಡಿತಕ್ಕೆ ಎರಡು ಸಲ ಮಾಹಿತಿ ರವಾನಿಸುತ್ತದೆ. ಹೆಸರಿನಲ್ಲೇ ಇರುವ "ಡಬಲ್ ಡೇಟಾ ರೇಟ್" ಎಂದರೆ ಅದೇ. ಆದ್ದರಿಂದ 1600 ಎಂದು ಬರೆದಿದ್ದರೆ ಗಡಿಯಾರ 800 ಮೆಗಾಹರ್ಟ್ಸ್. ಒಂದು ಬಡಿತಕ್ಕೆ 1.25 ನ್ಯಾನೋಸೆಕೆಂಡ್. 3200 ಎಂದಿದ್ದರೆ ಗಡಿಯಾರ 1600 ಮೆಗಾಹರ್ಟ್ಸ್. ಒಂದು ಬಡಿತಕ್ಕೆ 0.625 ನ್ಯಾನೋಸೆಕೆಂಡ್.

11 × 1.25 = 13.75
22 × 0.625 = 13.75

ಹುಡುಗಿ ಬರೆದದ್ದೇ ಸರಿ. ತಪ್ಪು ನನ್ನದು.

ಎರಡನೆಯ ಅವಧಿ: ಕಾಲುವೆ ಮತ್ತು ಚಪ್ಪಾಳೆ

ಮರುದಿನ ತರಗತಿಗೆ ಹೋದವಳು ಮೊದಲು ಆ ಹುಡುಗಿಯ ಪತ್ರಿಕೆಯನ್ನು ತೆಗೆದುಕೊಂಡು ಎಲ್ಲರೆದುರು ಗುರುತು ತಿದ್ದಿದೆ. "ನಿನ್ನೆ ನಾನು ಹೇಳಿದ್ದು ತಪ್ಪು. ಇವಳು ಬರೆದದ್ದು ಸರಿ. ಹೇಗೆ ಗೊತ್ತಾಯ್ತು ಅಂತ ಇವಳೇ ಹೇಳಲಿ" ಎಂದೆ. ಅವಳು ಹೇಳಿದ್ದು ಇಷ್ಟೇ: "ಹನ್ನೊಂದು ಎರಡ್ಲೆ ಇಪ್ಪತ್ತೆರಡು, ಸಾವಿರದಾರ್ನೂರು ಎರಡ್ಲೆ ಮೂರು ಸಾವಿರದಿನ್ನೂರು. ಎರಡೂ ಎರಡರಷ್ಟೇ ಆಗ್ಯಾವ್ ಮೇಡಂ." ಅನುಪಾತದ ಪಾಠವನ್ನು ನಾನು ಕಲಿಸಬೇಕಾಗಿರಲಿಲ್ಲ. ಅದು ಏಕೆ ಹಾಗೆ ಎಂಬುದನ್ನು ಕಣ್ಣಿಗೆ ಕಾಣಿಸಬೇಕಿತ್ತು.

ವೇಗ ಮತ್ತು ವಿಳಂಬ ಬೇರೆ ಬೇರೆ ಎಂಬುದಕ್ಕೆ ನಾನು ಆರಿಸಿಕೊಂಡ ಹೋಲಿಕೆ ಕಾಲುವೆ. ನಮ್ಮ ಭಾಗದ ಮಕ್ಕಳಿಗೆ "ಕ್ಯೂಸೆಕ್" ಎಂಬ ಮಾತು ಹೊಸದಲ್ಲ. ತುಂಗಭದ್ರಾ ಜಲಾಶಯದ ಒಳಹರಿವು, ಹೊರಹರಿವು ಮಳೆಗಾಲದಲ್ಲಿ ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್ ನೀರು. ಇದು ಹರಿವಿನ ಪ್ರಮಾಣ. ಮೆಮೊರಿಯಲ್ಲಿ ಇದಕ್ಕೆ ಸಮನಾದುದು ಬ್ಯಾಂಡ್‌ವಿಡ್ತ್. ಆದರೆ ಗೇಟು ಎತ್ತಿದ ಮೇಲೆ ನೀರು ಹೊಲಕ್ಕೆ ಮುಟ್ಟಲು ಹಿಡಿಯುವ ಹೊತ್ತು ಬೇರೆಯೇ. ಎಡದಂಡೆ ಕಾಲುವೆ 227 ಕಿ.ಮೀ. ಉದ್ದ, ಅದರ ಕೊನೆಯಲ್ಲಿರುವ ರಾಯಚೂರು ಕಡೆಯ ರೈತನಿಗೆ ಗೇಟಿನ ಬಳಿ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದರಷ್ಟೇ, ತನ್ನ ಹೊಲಕ್ಕೆ ಯಾವಾಗ ಬಂತು ಎಂಬುದೂ ಮುಖ್ಯ. ಆ ಕಾಯುವ ಹೊತ್ತೇ ವಿಳಂಬ.

ಇಲ್ಲಿ ಇನ್ನೊಂದು ಅಡ್ಡಿ ಎದುರಾಯಿತು. ಹಿಂದಿನ ಬೆಂಚಿನ ಹುಡುಗನ ಮನೆಯವರಿಗೆ ತುರ್ತಾ ಕಾಲುವೆಯ ಕೆಳಗೆ ಬಾಳೆ, ಕಬ್ಬು ಇದೆ. ವಿಜಯನಗರದ ಕಾಲದಿಂದ ಹರಿಯುತ್ತಿರುವ ಕಾಲುವೆ ಅದು. ನೀರು ಕಟ್ಟಿ ಬೆಳೆದ ಹುಡುಗ. "ಇಲ್ಲ ಮೇಡಂ. ನೀರು ಜಾಸ್ತಿ ಬಿಟ್ರೆ ಬೇಗಾನೂ ಬರ್ತಾವ್. ಸಣ್ಣಗೆ ಬಿಟ್ರೆ ದಾರೀಲೇ ಇಂಗಿ ಹೋಗ್ತಾವ್" ಎಂದ.

ಅವನು ಹೇಳಿದ್ದು ನಿಜ. ಕಾಲುವೆಯಲ್ಲಿ ಹರಿವು ಹೆಚ್ಚಿದರೆ ನೀರಿನ ಓಟವೂ ಹೆಚ್ಚುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಮೆಮೊರಿಯಲ್ಲಿ ಹಾಗಲ್ಲ. ಈ ಸಲ ಪ್ರಶ್ನೆಯನ್ನು ಮುಂದೂಡಲಿಲ್ಲ. ಹಲಗೆಯ ಮೇಲೆ ಎರಡು ಕಾಲಂ ಎಳೆದು "ಹೋಲಿಕೆ ಎಲ್ಲಿ ಹೊಂದುತ್ತದೆ", "ಎಲ್ಲಿ ಹೊಂದುವುದಿಲ್ಲ" ಎಂದು ಬರೆದು, ಅವನ ಮಾತನ್ನು ಎರಡನೆಯದರಲ್ಲಿ ಅವನಿಂದಲೇ ಬರೆಸಿದೆ. ಅಲ್ಲಿಂದ ಚಪ್ಪಾಳೆಯ ಚಟುವಟಿಕೆಗೆ ಹೋದೆ.

ಚಟುವಟಿಕೆ ಹೀಗಿದೆ. ನಾನು ಡಸ್ಟರಿನಿಂದ ಮೇಜಿನ ಮೇಲೆ ಒಂದೇ ಸಮನೆ ತಟ್ಟುತ್ತೇನೆ. ಮೂರು ಗುಂಪುಗಳು:

ಮೊದಲ ಗುಂಪು (ಡಿಡಿಆರ್3-1600, ಸಿಎಲ್11): ಪ್ರತಿ ತಟ್ಟಿಗೆ ಒಂದು ಚಪ್ಪಾಳೆ, ಒಟ್ಟು 11.
ಎರಡನೆಯ ಗುಂಪು (ಡಿಡಿಆರ್4-3200, ಸಿಎಲ್22): ಪ್ರತಿ ತಟ್ಟಿಗೆ ಎರಡು ಚಪ್ಪಾಳೆ, ಒಟ್ಟು 22.
ಮೂರನೆಯ ಗುಂಪು (ಡಿಡಿಆರ್4-3200, ಸಿಎಲ್16): ಪ್ರತಿ ತಟ್ಟಿಗೆ ಎರಡು ಚಪ್ಪಾಳೆ, ಒಟ್ಟು 16.

ತರಗತಿಯಲ್ಲಿ ಸಂಗೀತ ಕಲಿಯುವ ಇಬ್ಬರಿದ್ದರು. "ಇದು ಒಂದನೇ ಕಾಲ, ಎರಡನೇ ಕಾಲ ಅಲ್ವಾ ಮೇಡಂ" ಎಂದು ಅವರೇ ಗುರುತಿಸಿದರು. ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ ಹಾಡಿ, ಅದೇ ತಾಳದಲ್ಲಿ ಎರಡನೇ ಕಾಲಕ್ಕೆ ಏರಿಸಿದರೆ ಸ್ವರಗಳು ಎರಡರಷ್ಟಾಗುತ್ತವೆ, ತಾಳದ ಉದ್ದ ಬದಲಾಗುವುದಿಲ್ಲ. ಸಂಗೀತದ ಆರಂಭದ ಪಾಠಗಳಿಗೆ ಈ ಕ್ರಮ ಹಾಕಿಕೊಟ್ಟವರು ಎಂದು ಹೇಳಲಾಗುವ ಪುರಂದರದಾಸರ ಹೆಸರಿನ ಮಂಟಪ ಹಂಪಿಯ ಹೊಳೆ ದಂಡೆಯಲ್ಲೇ ಇದೆ. ಮಕ್ಕಳು ಪ್ರವಾಸದಲ್ಲಿ ನೋಡಿದ್ದರು. ಈ ಹೋಲಿಕೆ ನನಗೆ ಹೊಳೆದಿರಲಿಲ್ಲ, ಮಕ್ಕಳಿಂದ ಬಂತು.

ಮೊದಲ ಸಲ ಚಟುವಟಿಕೆ ಕೆಟ್ಟಿತು. ಎರಡನೆಯ ಗುಂಪಿನ ಕೊನೆಯ ಚಪ್ಪಾಳೆ ಮೊದಲ ಗುಂಪಿನದಕ್ಕಿಂತ ಅರ್ಧ ತಟ್ಟು ತಡವಾಗಿ ಬಿತ್ತು. ಕಾರಣ ಹುಡುಕಿದಾಗ ತಿಳಿದದ್ದು: ಮೊದಲ ಚಪ್ಪಾಳೆಯನ್ನು "ಒಂದು" ಎಂದು ಎಣಿಸಿದ್ದೆವು. ನಾವು ಎಣಿಸಬೇಕಾದದ್ದು ಚಪ್ಪಾಳೆಗಳನ್ನಲ್ಲ, ಅವುಗಳ ನಡುವಿನ ಅಂತರಗಳನ್ನು. ಮೊದಲ ಚಪ್ಪಾಳೆಗೆ "ಸೊನ್ನೆ" ಎಂದು ಹೇಳಿಸಿ ಮತ್ತೆ ಮಾಡಿಸಿದೆ. ಈ ಸಲ ಮೂರನೆಯ ಗುಂಪು ಎಂಟನೆಯ ತಟ್ಟಿಗೇ ಮುಗಿಸಿ ನಿಂತಿತು. ಹನ್ನೊಂದನೆಯ ತಟ್ಟಿಗೆ ಉಳಿದ ಎರಡು ಗುಂಪುಗಳ ಕೈಗಳು ಒಂದೇ ಸದ್ದಿನಲ್ಲಿ ಸೇರಿದವು. ವಿವರಣೆಯ ಅಗತ್ಯವೇ ಬೀಳಲಿಲ್ಲ.

ಅನಂತರ ಹುಣಸೆ ಬೀಜ. ಕಾಯುವಿಕೆ ಮುಗಿದ ಮೇಲೆ ಪ್ರತಿ ಗುಂಪು ಎಂಟು ಬೀಜಗಳನ್ನು, ತನ್ನ ಒಂದು ಚಪ್ಪಾಳೆಯ ಅವಧಿಗೆ ಎರಡರಂತೆ, ಮುಂದಿನವರ ಕೈಗೆ ದಾಟಿಸಬೇಕು. ಡಿಡಿಆರ್3 ಮತ್ತು ಡಿಡಿಆರ್4 ಮೆಮೊರಿಗಳು ಒಂದು ಬಾರಿ ಕೇಳಿದರೆ ಎಂಟು ರವಾನೆಗಳನ್ನು ಒಟ್ಟಿಗೆ ಕಳಿಸುತ್ತವೆ. ಒಂದು ರವಾನೆಗೆ 8 ಬೈಟಿನಂತೆ 64 ಬೈಟ್. ಬೀಜಗಳು ಇದನ್ನೇ ಸೂಚಿಸುತ್ತವೆ. ಫಲಿತಾಂಶವನ್ನು ಮಕ್ಕಳು ಡಸ್ಟರಿನ ತಟ್ಟುಗಳಲ್ಲಿ ಬರೆದರು:

ಮೊದಲ ಗುಂಪು: ಕಾಯಲು 11, ದಾಟಿಸಲು 4, ಒಟ್ಟು 15 ತಟ್ಟು (18.75 ನ್ಯಾನೋಸೆಕೆಂಡ್).
ಎರಡನೆಯ ಗುಂಪು: ಕಾಯಲು 11, ದಾಟಿಸಲು 2, ಒಟ್ಟು 13 ತಟ್ಟು (16.25 ನ್ಯಾನೋಸೆಕೆಂಡ್).
ಮೂರನೆಯ ಗುಂಪು: ಕಾಯಲು 8, ದಾಟಿಸಲು 2, ಒಟ್ಟು 10 ತಟ್ಟು (12.5 ನ್ಯಾನೋಸೆಕೆಂಡ್).

"ಹಳೇದೇ ಫಾಸ್ಟ್ ಏನ್ರಿ" ಎಂಬ ಪ್ರಶ್ನೆಗೆ ಉತ್ತರ ಈಗ ಸಿಕ್ಕಿತು. ಕಾಯುವುದರಲ್ಲಿ ಹಳೆಯದೂ ಹೊಸದೂ ಸಮ. ದಾಟಿಸುವುದರಲ್ಲಿ ಹೊಸದು ಎರಡರಷ್ಟು ಚುರುಕು.

ಸೂತ್ರ ಮತ್ತು ಪಟ್ಟಿ

ಚಟುವಟಿಕೆಯ ನಂತರ ಸೂತ್ರವನ್ನು ಮಕ್ಕಳೇ ಕಟ್ಟಿದರು:

ವಿಳಂಬ (ನ್ಯಾನೋಸೆಕೆಂಡ್) = ಸಿಎಲ್ × 2000 ÷ ರವಾನೆ ವೇಗ

ಇಲ್ಲಿನ 2000 ಎಲ್ಲಿಂದ ಬಂತು ಎಂದು ಕೇಳಲೇಬೇಕು, ಇಲ್ಲವಾದರೆ ಬಾಯಿಪಾಠವಾಗುತ್ತದೆ. ಬಡಿತದ ಉದ್ದವನ್ನು ನ್ಯಾನೋಸೆಕೆಂಡಿಗೆ ತರಲು 1000, ಬಡಿತಕ್ಕೆ ಎರಡು ರವಾನೆ ಇರುವುದರಿಂದ 2. ಗರಿಷ್ಠ ಬ್ಯಾಂಡ್‌ವಿಡ್ತ್‌ಗೆ ರವಾನೆ ವೇಗವನ್ನು 8ರಿಂದ ಗುಣಿಸಬೇಕು. ಹಳೆಯ ರ‍್ಯಾಮ್‌ನ ಚೀಟಿಯಲ್ಲಿ "ಪಿಸಿ3-12800" ಎಂದಿತ್ತು. 1600 × 8 = 12800 ಎಂದು ಬಂದಾಗ, ಚೀಟಿಯ ಮೇಲಿನ ದೊಡ್ಡ ಅಂಕಿಯ ಗುಟ್ಟು ಬಿಡಿಸಿದ ಖುಷಿ ಮಕ್ಕಳಿಗೆ.

ಡಿಡಿಆರ್3-1600, ಸಿಎಲ್11: 13.75 ನ್ಯಾನೋಸೆಕೆಂಡ್, ಸೆಕೆಂಡಿಗೆ 12.8 ಜಿಬಿ
ಡಿಡಿಆರ್4-2400, ಸಿಎಲ್17: 14.17 ನ್ಯಾನೋಸೆಕೆಂಡ್, 19.2 ಜಿಬಿ
ಡಿಡಿಆರ್4-2666, ಸಿಎಲ್19: 14.25 ನ್ಯಾನೋಸೆಕೆಂಡ್; 21.3 ಜಿಬಿ
ಡಿಡಿಆರ್4-3200, ಸಿಎಲ್22: 13.75 ನ್ಯಾನೋಸೆಕೆಂಡ್, 25.6 ಜಿಬಿ
ಡಿಡಿಆರ್4-3200, ಸಿಎಲ್16: 10 ನ್ಯಾನೋಸೆಕೆಂಡ್, 25.6 ಜಿಬಿ
ಡಿಡಿಆರ್5-4800, ಸಿಎಲ್40: 16.67 ನ್ಯಾನೋಸೆಕೆಂಡ್, 38.4 ಜಿಬಿ
ಡಿಡಿಆರ್5-6000, ಸಿಎಲ್30: 10 ನ್ಯಾನೋಸೆಕೆಂಡ್, 48 ಜಿಬಿ

ಪಟ್ಟಿಯನ್ನು ನೋಡಿ ಏನು ಅನ್ನಿಸುತ್ತದೆ ಎಂದು ಕೇಳಿದೆ. ಬಲಗಡೆಯ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಏರುತ್ತಲೇ ಇದೆ. ನಡುವಿನದು ಹತ್ತರಿಂದ ಹದಿನೇಳರ ಒಳಗೇ ಓಡಾಡುತ್ತಿದೆ ಎಂದರು. ಕಾರಣ ಮೆಮೊರಿ ಕೋಶದಲ್ಲಿದೆ. ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಪ್ರತಿ ಕೋಶ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಕೆಪಾಸಿಟರ್. ಕೆಪಾಸಿಟರಿನಲ್ಲಿರುವ ತೀರಾ ಸಣ್ಣ ವಿದ್ಯುದಂಶವನ್ನು ಗ್ರಹಿಸಿ, ಹಿಗ್ಗಿಸಿ, ಸೊನ್ನೆಯೋ ಒಂದೋ ಎಂದು ತೀರ್ಮಾನಿಸಲು ಇಷ್ಟು ಕಾಲ ಬೇಕೇ ಬೇಕು. ಹೊಸ ತಲೆಮಾರುಗಳು ಹೊರದಾರಿಯನ್ನು ಅಗಲ ಮಾಡಿವೆ. ಒಳಗಿನ ಈ ಕೆಲಸವನ್ನು ಅಷ್ಟಾಗಿ ಬೇಗಗೊಳಿಸಿಲ್ಲ.

ಸಿಎಲ್ ಒಂದೇ ಪೂರ್ತಿ ವಿಳಂಬವಲ್ಲ ಎಂಬುದನ್ನೂ ಹೇಳಬೇಕು. ರ‍್ಯಾಮ್ ವಿವರಗಳಲ್ಲಿ 17-17-17-39 ಎಂಬಂತೆ ನಾಲ್ಕು ಅಂಕಿ ಇರುತ್ತವೆ. ಶಾಲೆಯ ಗ್ರಂಥಾಲಯದ ಬೀರುವನ್ನು ನೆನೆಸಿಕೊಳ್ಳಿ ಎಂದೆ. ಬೇಕಾದ ಬೀರು ತೆರೆದೇ ಇದ್ದರೆ ಪುಸ್ತಕ ತೆಗೆಯುವುದಷ್ಟೇ ಕೆಲಸ. ಇದು ಮೊದಲ ಅಂಕಿ, ಸಿಎಲ್. ಬೀರು ಮುಚ್ಚಿದ್ದರೆ ಮೊದಲು ತೆರೆಯಬೇಕು, ಇದು ಎರಡನೆಯದು. ಬೇರೆ ಬೀರು ತೆರೆದಿದ್ದರೆ ಅದನ್ನು ಮುಚ್ಚಿ ಬರಬೇಕು, ಇದು ಮೂರನೆಯದು. ತೆರೆದ ಬೀರುವನ್ನು ಕನಿಷ್ಠ ಎಷ್ಟು ಹೊತ್ತು ತೆರೆದಿಡಬೇಕು ಎಂಬುದು ನಾಲ್ಕನೆಯದು. ಹಾಗಾಗಿ ಡಿಡಿಆರ್4-2400ರಲ್ಲಿ ಕೆಟ್ಟ ಸಂದರ್ಭದಲ್ಲಿ 17 + 17 + 17, ಅಂದರೆ 51 ಬಡಿತ, 42.5 ನ್ಯಾನೋಸೆಕೆಂಡ್. ಒಂಬತ್ತನೆಯ ತರಗತಿಗೆ ಇಷ್ಟು ಸಾಕು.

ಮೂರನೆಯ ಅವಧಿ: ಕೊಳ್ಳುವ ನಿರ್ಧಾರ

ಮುಖ್ಯ ಗುರುಗಳ ಬಳಿ ಹೋಗಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ತರಗತಿಯಲ್ಲಿ ತಪ್ಪೊಪ್ಪಿದ್ದಕ್ಕಿಂತ ಕಷ್ಟವಾಯಿತು. ಅವರು, "ದುಡ್ಡು ಇನ್ನೂ ಕೊಟ್ಟಿಲ್ಲ. ಮಕ್ಕಳ ಮುಂದೇನೇ ತೀರ್ಮಾನ ಮಾಡಮ್ಮ, ನಾನೂ ಬರ್ತೀನಿ" ಎಂದರು. ಮೂರನೆಯ ಅವಧಿಗೆ ಬಂದು ಕುಳಿತರು.

ಮೊದಲು ಯಂತ್ರವನ್ನೇ ಕೇಳಿದೆವು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿದರೆ ವೇಗ 2400, ಸ್ಲಾಟುಗಳಲ್ಲಿ ಎರಡರಲ್ಲಿ ಒಂದು ಬಳಕೆಯಲ್ಲಿದೆ ಎಂದು ತೋರಿಸಿತು. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ ಸುಮಾರು 1200 ಎಂದು ತೋರಿಸುತ್ತದೆ. ಯಾವುದೂ ಸುಳ್ಳಲ್ಲ, ಒಂದು ರವಾನೆಯನ್ನು, ಇನ್ನೊಂದು ಬಡಿತವನ್ನು ಎಣಿಸುತ್ತಿದೆ ಎಂದು ಮಕ್ಕಳೇ ವಿವರಿಸಿದರು. ಪ್ರೊಸೆಸರ್ ಕೋರ್ ಐ3-8100. ಅದು ಅಧಿಕೃತವಾಗಿ ಒಪ್ಪುವುದು ಡಿಡಿಆರ್4-2400, ಎರಡು ಚಾನೆಲ್.

ಇಲ್ಲಿಗೆ ನನ್ನ ಮೊದಲ ಸಲಹೆ ಪೂರ್ತಿ ಬಿದ್ದುಹೋಯಿತು. 3200ರ ರ‍್ಯಾಮ್ ಹಾಕಿದರೂ ಈ ಯಂತ್ರಗಳು ಅದನ್ನು 2400ರಲ್ಲೇ ಓಡಿಸುತ್ತವೆ. ಹಳೆಯ 2400ರ ರ‍್ಯಾಮ್ ಪಕ್ಕದಲ್ಲಿ ಕೂರಿಸಿದರಂತೂ ಎರಡೂ ನಿಧಾನದ್ದರ ಹೆಜ್ಜೆಗೇ ಬರಬೇಕು. ಸಿಎಲ್16 ಎಂಬ ಭರವಸೆಯೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆ ಇದ್ದು, ಅದನ್ನು ಆನ್ ಮಾಡಿದಾಗ ಮಾತ್ರ ನಿಜವಾಗುತ್ತದೆ. ನಾನು ಆರಿಸಿದ್ದ ಲೋಹದ ಹೊದಿಕೆಯ ರ‍್ಯಾಮ್‌ಗಳು ಇಲ್ಲಿ ಸಾಮಾನ್ಯದವುಗಳಂತೆಯೇ ನಡೆಯುತ್ತಿದ್ದವು. ನಾಲ್ಕು ಯಂತ್ರಗಳು ಮಾತ್ರ ಹಾಗೆಯೇ 4 ಜಿಬಿಯಲ್ಲಿ ಉಳಿಯುತ್ತಿದ್ದವು.

"ಹಂಗಾದ್ರೆ ನಮ್ಮ ಕಂಪ್ಯೂಟರ್ ಯಾಕೆ ನಿಲ್ತಾವ್ ಮೇಡಂ, ವಿಳಂಬದಿಂದ ಅಲ್ವಾ?" ಎಂದು ಒಬ್ಬ ಕೇಳಿದ. ವಿಳಂಬದಿಂದಲೇ, ಆದರೆ ಮೆಮೊರಿಯದ್ದಲ್ಲ, ಹಾರ್ಡ್ ಡಿಸ್ಕಿನದು. ಮೆಮೊರಿ ತುಂಬಿದಾಗ ಯಂತ್ರ ಹೆಚ್ಚಾದದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಅಲ್ಲಿಂದ ತರುತ್ತದೆ. ಪ್ರೊಸೆಸರಿನಿಂದ ಹೊರಟು ಮೆಮೊರಿ ಮುಟ್ಟಿ ಬರಲು ದಾರಿಯ ಖರ್ಚೂ ಸೇರಿ ಸುಮಾರು 100 ನ್ಯಾನೋಸೆಕೆಂಡ್ ಎಂದು ಹಿಡಿಯೋಣ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಜಾಗ ಹುಡುಕಲು ಸುಮಾರು 10 ಮಿಲಿಸೆಕೆಂಡ್. ಭಾಗಿಸಿದರೆ ಒಂದು ಲಕ್ಷ ಪಟ್ಟು. ಮೆಮೊರಿಯಿಂದ ತರಲು ಒಂದು ಸೆಕೆಂಡ್ ಎಂದುಕೊಂಡರೆ, ಡಿಸ್ಕಿನಿಂದ ತರಲು ಲಕ್ಷ ಸೆಕೆಂಡ್, ಅಂದರೆ ಸುಮಾರು 28 ಗಂಟೆ. ಇದರ ಮುಂದೆ 10 ಮತ್ತು 14 ನ್ಯಾನೋಸೆಕೆಂಡುಗಳ ಚೌಕಾಸಿಗೆ ಅರ್ಥವಿಲ್ಲ.

ಮಾತಿನಲ್ಲಿ ನಂಬುವ ಬದಲು ನೋಡಿಯೇ ಬಿಡೋಣ ಎಂದೆವು. ಹೊಸದಾಗಿ ಏನೂ ಕೊಳ್ಳಬೇಕಿರಲಿಲ್ಲ. ಎರಡು ಯಂತ್ರಗಳ ವಿದ್ಯುತ್ ತಂತಿ ತೆಗೆದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಹತ್ತನೆಯ ಯಂತ್ರದ ರ‍್ಯಾಮ್ ಬಿಚ್ಚಿ ಮೊದಲನೆಯದರ ಖಾಲಿ ಸ್ಲಾಟಿಗೆ ಹಾಕಿದೆವು. ಬದಲಿಸುವ ಮೊದಲು ಬ್ರೌಸರ್, ಜಿಯೋಜೀಬ್ರಾ, ಲಿಬ್ರೆ ಆಫೀಸ್ ಮೂರನ್ನೂ ಸಾಲಾಗಿ ತೆರೆದಾಗ ಮಕ್ಕಳು ಒಟ್ಟಾಗಿ ಎಣಿಸುತ್ತ ನೂರು ದಾಟಿದ್ದರು. ಬದಲಿಸಿದ ಮೇಲೆ ನಲವತ್ತು ಮುಟ್ಟುವ ಮೊದಲೇ ಮೂರೂ ತೆರೆದವು. ಎರಡೂ ಸ್ಲಾಟು ತುಂಬಿದ್ದರಿಂದ ಎರಡು ಚಾನೆಲ್‌ಗಳೂ ಕೆಲಸ ಮಾಡಿ, ಗರಿಷ್ಠ ಬ್ಯಾಂಡ್‌ವಿಡ್ತ್ 19.2ರಿಂದ 38.4 ಜಿಬಿಗೆ ಏರಿತ್ತು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮಂಥ ಯಂತ್ರಗಳಲ್ಲಿ ಪರದೆಯ ಕೆಲಸಕ್ಕೂ ಇದೇ ಮೆಮೊರಿ ಬಳಕೆಯಾಗುವುದರಿಂದ ಇದು ಸಣ್ಣ ಲಾಭವಲ್ಲ.

ಮಕ್ಕಳು ಗುಂಪಿನಲ್ಲಿ ಚರ್ಚಿಸಿ ಬರೆದ ಆಯ್ಕೆಯ ಕ್ರಮ ಇದು:

1. ಯಾವ ತಲೆಮಾರು? ಡಿಡಿಆರ್3, 4, 5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪಿನದು ಗಾತ್ರವೇ ಬೇರೆ.
2. ಎಷ್ಟು ಜಿಬಿ? ನಮ್ಮ ಕೆಲಸ ಹಿಡಿಸುವಷ್ಟು ಇದೆಯೇ?
3. ಎರಡೂ ಚಾನೆಲ್ ತುಂಬುತ್ತವೆಯೇ?
4. ಪ್ರೊಸೆಸರ್ ಮತ್ತು ಬೋರ್ಡು ಒಪ್ಪುವ ವೇಗ ಎಷ್ಟು? ಅದನ್ನು ಮೀರಿದ್ದಕ್ಕೆ ದುಡ್ಡು ಕೊಡಬಾರದು.
5. ಇವೆಲ್ಲ ಸಮನಾದಾಗ, ಸಿಎಲ್ ಅಂಕಿಯಲ್ಲಿ ಅಲ್ಲ, ನ್ಯಾನೋಸೆಕೆಂಡಿನಲ್ಲಿ ಹೋಲಿಸಿ ಕಡಿಮೆ ಇರುವುದನ್ನು ಆರಿಸಬೇಕು.

ಹತ್ತು ಸಾಮಾನ್ಯ ರ‍್ಯಾಮ್‌ಗಳ ಪಟ್ಟಿಗೆ ಮುಖ್ಯ ಗುರುಗಳು ಅಲ್ಲೇ ಸಹಿ ಹಾಕಿದರು. ಹುಡುಗಿಯೊಬ್ಬಳು, "ಆರು ತಂದಿದ್ರೆ ಉಳಿದ ನಾಕರಲ್ಲಿ ಯಾರು ಕೂರಬೇಕಿತ್ತು ಸರ್?" ಎಂದು ಕೇಳಿದಳು. ಅವರು ಉತ್ತರ ಕೊಡದೆ ನನ್ನ ಕಡೆ ನೋಡಿದರು.

ಮೌಲ್ಯಮಾಪನ

1. ಡಿಡಿಆರ್4-2666 ಸಿಎಲ್19 ಮತ್ತು ಡಿಡಿಆರ್4-2400 ಸಿಎಲ್17: ಯಾವುದರಲ್ಲಿ ಕಾಯುವಿಕೆ ಕಡಿಮೆ? ಯಾವುದರಲ್ಲಿ ಬ್ಯಾಂಡ್‌ವಿಡ್ತ್ ಹೆಚ್ಚು?
2. ಡಿಡಿಆರ್5-6000ರಲ್ಲಿ ವಿಳಂಬ 12 ನ್ಯಾನೋಸೆಕೆಂಡ್ ಇರಬೇಕಾದರೆ ಸಿಎಲ್ ಎಷ್ಟಿರಬೇಕು?
3. ವಿಡಿಯೋ ಕತ್ತರಿಸಿ ಜೋಡಿಸುವ ಅಂಗಡಿಯವರಿಗೆ ಮತ್ತು ನಮ್ಮ ಶಾಲೆಗೆ ಒಂದೇ ಮೆಮೊರಿ ಸಲಹೆ ಕೊಡುವಿರಾ? ಕಾರಣ ಬರೆಯಿರಿ.

ಮೊದಲನೆಯದರಲ್ಲಿ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಎರಡನೆಯದರಲ್ಲಿ ಏಳು ಜನ 36ರ ಬದಲು 72 ಎಂದು ಬರೆದರು. ಬಡಿತಕ್ಕೆ ಎರಡು ರವಾನೆ ಎಂಬುದನ್ನು ಮರೆತಿದ್ದರು. ಆ ಮಕ್ಕಳಿಗೆ ಚಪ್ಪಾಳೆಯ ಚಟುವಟಿಕೆಯನ್ನು ಬೀಜದ ಹಂತದಿಂದ ಮತ್ತೆ ಮಾಡಿಸಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಮಾಡುವವರಿಗೆ ಮೂರು ಮಾತು.

ಒಂದು, ಡಿಡಿಆರ್4 ಚೀಟಿಯನ್ನು ಓದುವಾಗ ಎಚ್ಚರವಿರಲಿ. ಡಿಡಿಆರ್3ರಲ್ಲಿ "ಪಿಸಿ3-12800ಯು-11" ಎಂದಿದ್ದರೆ 11 ಎಂಬುದೇ ಸಿಎಲ್. ಡಿಡಿಆರ್4ರಲ್ಲಿ ಅದು ಅಕ್ಷರದ ಸಂಕೇತವಾಗಿದೆ: 2400ಟಿ ಎಂದರೆ ಸಿಎಲ್17, 2666ವಿ ಎಂದರೆ 19, 3200ಎಎ ಎಂದರೆ 22. ಅದರ ನಂತರ ಬರುವ 11ರಂಥ ಅಂಕಿಗಳು ಸಿಎಲ್ ಅಲ್ಲ. ಮಕ್ಕಳು ಇಲ್ಲಿ ಖಂಡಿತ ಎಡವುತ್ತಾರೆ.

ಎರಡು, ಹೋಲಿಕೆ ಕೊಡುವ ಮೊದಲು, ಆ ಹೋಲಿಕೆಯ ವಸ್ತುವನ್ನು ನಮಗಿಂತ ಚೆನ್ನಾಗಿ ಬಲ್ಲವರು ತರಗತಿಯಲ್ಲಿ ಇದ್ದಾರೆಯೇ ಎಂದು ಯೋಚಿಸಿ. ಇದ್ದರೆ ಹೋಲಿಕೆಯನ್ನು ಬಿಡಬೇಕಿಲ್ಲ. ಅದು ಎಲ್ಲಿ ಮುರಿಯುತ್ತದೆ ಎಂಬುದನ್ನು ಅವರಿಂದಲೇ ಹೇಳಿಸಿ.

ಮೂರು, ಉತ್ತರ ಸೂಚಿಯನ್ನು ಪಾಠಕ್ಕೆ ಮೊದಲು ಒಂದು ಸಲ ಮಕ್ಕಳಂತೆ ಕೂತು ಬಿಡಿಸಿ ನೋಡಿ. ನಾನು ಹಾಗೆ ಮಾಡಿದ್ದರೆ ಆ ಪತ್ರಿಕೆಯಲ್ಲಿ ಕೆಂಪು ಗುರುತು ಬೀಳುತ್ತಿರಲಿಲ್ಲ. ಆ ಪತ್ರಿಕೆಯ ನಕಲನ್ನು, ತಿದ್ದಿದ ಗುರುತಿನ ಸಮೇತ, ನನ್ನ ಅಭ್ಯಾಸ ಬೋಧನೆಯ ದಾಖಲೆ ಪುಸ್ತಕದಲ್ಲಿ ಮೊದಲ ಪಾಠ ಯೋಜನೆಯ ಎದುರು ಪುಟಕ್ಕೆ ಅಂಟಿಸಿದ್ದೇನೆ.